ಕೈದಿ, ಜಾಮೀನು, ಸಜೆ: ಪದಗಳ ಹಿಂದಿನ ಚರಿತ್ರೆ

ಕನ್ನಡದ ನ್ಯಾಯಾಲಯಗಳಲ್ಲಿ ದಿನನಿತ್ಯ ಕೇಳಿಬರುವ ಕೈದಿ, ಜಾಮೀನು, ವಕೀಲ, ಹಾಜರು ಎಂಬ ಪದಗಳು ಅರಬೀ ಮೂಲದವು. ‘ಖೈದ್’ ಎಂದರೆ ಬೇಡಿ. ‘ಝಾಮಿನ್’ ಎಂದರೆ ಇನ್ನೊಬ್ಬರ ಹೊಣೆ ಹೊತ್ತವನು. ಸಜೆ ಎಂಬುದು ಪಾರ್ಸಿಯ ‘ಸಝಾ’. ಪವಿತ್ರ ಕುರ್‌ಆನ್ ಸೆರೆಮನೆಗೆ ಬಳಸುವ ಪದ ‘ಸಿಜ್ನ್’. ಅದು ಹೆಚ್ಚಾಗಿ ಕಾಣುವುದು ಸೂರಃ ಯೂಸುಫ್‌ನಲ್ಲಿ, ಅಂದರೆ ತಪ್ಪೇ ಮಾಡದೆ ಸೆರೆಮನೆ ಸೇರಿದ ಪ್ರವಾದಿಯೊಬ್ಬರ ವೃತ್ತಾಂತದಲ್ಲಿ. ಅರಸನ ಕರೆ ಬಂದಾಗಲೂ ಯೂಸುಫ್(ಅ) ಕೂಡಲೇ ಹೊರಡಲಿಲ್ಲ. ತಮ್ಮ ಮೇಲಿನ ಆರೋಪದ ವಿಚಾರಣೆ ಮೊದಲು ನಡೆಯಲೆಂದು ಕೇಳಿಕೊಂಡರು.

ಪ್ರವಾದಿ(ಸ)ಯವರ ಕಾಲದಲ್ಲಿ ಪ್ರತ್ಯೇಕ ಸೆರೆಮನೆಯ ಕಟ್ಟಡವಿರಲಿಲ್ಲ. ಯಮಾಮದ ನಾಯಕ ಸುಮಾಮ ಬಿನ್ ಉಸಾಲ್‌ರನ್ನು ಮದೀನದ ಮಸೀದಿಯ ಕಂಬಕ್ಕೇ ಕಟ್ಟಲಾಗಿತ್ತು. ಬಿಡುಗಡೆಯಾದ ಬಳಿಕ ಅವರು ಸ್ನಾನ ಮಾಡಿ ಬಂದು ಸ್ವಇಚ್ಛೆಯಿಂದ ಇಸ್ಲಾಮ್ ಸ್ವೀಕರಿಸಿದರು. ಹಝ್ರತ್ ಉಮರ್(ರ)ರ ಕಾಲದಲ್ಲಿ ಮಕ್ಕಾದ ರಾಜ್ಯಪಾಲರು ಸಫ್ವಾನ್ ಬಿನ್ ಉಮಯ್ಯರ ಮನೆಯನ್ನು ಸೆರೆಮನೆಗಾಗಿ ಖರೀದಿಸಿದರು. ಹಝ್ರತ್ ಅಲೀ(ರ) ಕೂಫಾದಲ್ಲಿ ಜೊಂಡಿನಿಂದ ಒಂದು ಸೆರೆಮನೆ ಕಟ್ಟಿಸಿ ಅದಕ್ಕೆ ‘ನಾಫಿಅ್’, ಅಂದರೆ ಪ್ರಯೋಜನಕಾರಿ, ಎಂದು ಹೆಸರಿಟ್ಟರು. ಕೈದಿಗಳು ಅದನ್ನು ಕೊರೆದು ಪಾರಾದ ಮೇಲೆ ಮಣ್ಣಿನ ಗಟ್ಟಿ ಗೋಡೆಯ ಇನ್ನೊಂದನ್ನು ಕಟ್ಟಿಸಿದರೆಂದು ವರದಿಗಳಿವೆ.

ಕೈದಿಗಳ ವರ್ಗೀಕರಣವೆಂಬುದು ಆಧುನಿಕರ ಕಲ್ಪನೆಯೆಂದು ನಾವು ಭಾವಿಸುವುದುಂಟು. ಆದರೆ ಕ್ರಿ.ಶ. 717ರಿಂದ 720ರವರೆಗೆ ಆಳಿದ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ) ತಮ್ಮ ಅಧಿಕಾರಿಗಳಿಗೆ ಸ್ಪಷ್ಟ ಆಜ್ಞೆ ಕಳುಹಿಸಿದ್ದರು: ಸಾಲಕ್ಕಾಗಿ ಬಂಧಿತರಾದವರನ್ನು ದುಷ್ಕರ್ಮಿಗಳೊಂದಿಗೆ ಒಂದೇ ಕೋಣೆಯಲ್ಲಿ ಇಡಬಾರದು, ಸ್ತ್ರೀಯರಿಗೆ ಬೇರೆಯೇ ಸೆರೆಮನೆ ಇರಬೇಕು, ನಿಂತು ನಮಾಝ್ ಮಾಡಲಾಗದಂತೆ ಯಾರಿಗೂ ಬೇಡಿ ಹಾಕಬಾರದು, ಕೊಲೆಯ ಆರೋಪವಿದ್ದವನ ಹೊರತು ಯಾರೂ ಬೇಡಿಯಲ್ಲಿ ರಾತ್ರಿ ಕಳೆಯಬಾರದು.

ಬ್ರಿಟಿಷರ 1894ರ ಬಂದೀಖಾನೆ ಕಾಯ್ದೆಯೂ ಸ್ತ್ರೀಯರನ್ನು ಪುರುಷರಿಂದ, ಸಿವಿಲ್ ಕೈದಿಗಳನ್ನು ಕ್ರಿಮಿನಲ್ ಕೈದಿಗಳಿಂದ, ಶಿಕ್ಷೆಯಾಗದವರನ್ನು ಶಿಕ್ಷೆಯಾದವರಿಂದ ಬೇರ್ಪಡಿಸಿತು. ಈ ಕೊನೆಯ ಭೇದವೇ ಇಂದಿನ ‘ವಿಚಾರಣಾಧೀನ ಬಂಧಿ’ ಮತ್ತು ‘ಸಜಾಬಂಧಿ’. 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ ನೂರು ಮಂದಿಯಲ್ಲಿ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಜೈಲಿನ ದಫ್ತರಿನಲ್ಲಿ ಇರುವ ಈ ಭೇದ ನಮ್ಮ ಮೊಹಲ್ಲಾದ ಮಾತಿನಲ್ಲಿ ಇಲ್ಲ. ತೀರ್ಪು ಬಾರದವನನ್ನೂ ನಾವು ಅಪರಾಧಿಯೆಂದೇ ಕರೆಯುತ್ತೇವೆ, ಅವನ ತಂಗಿಯ ನಿಕಾಹ್‌ನ ಮಾತುಕತೆಯನ್ನು ಅರ್ಧಕ್ಕೇ ಬಿಡುತ್ತೇವೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ತೆರೆಯುವ ಗ್ರಂಥ ಇಮಾಮ್ ಅಬೂ ಯೂಸುಫ್(ರ)ರ ‘ಕಿತಾಬುಲ್ ಖರಾಜ್’. ಅಬ್ಬಾಸೀ ಖಲೀಫ ಹಾರೂನ್ ರಶೀದರಿಗಾಗಿ ಬರೆದ ಈ ಗ್ರಂಥದಲ್ಲಿ ಕೈದಿಗಳ ಅನ್ನ, ಬಟ್ಟೆ, ಕಫನ್ ಎಲ್ಲದರ ಲೆಕ್ಕವಿದೆ. ಪ್ರತಿಯೊಬ್ಬನಿಗೂ ತಿಂಗಳಿಗೆ 10 ದಿರ್ಹಮ್ ನಗದಾಗಿ ಕೊಡಿ ಎನ್ನುತ್ತಾರೆ ಇಮಾಮರು. ರೊಟ್ಟಿಯನ್ನೇ ಕೊಟ್ಟರೆ ಕಾವಲುಗಾರರು ಅದನ್ನು ನುಂಗುತ್ತಾರೆಂಬುದು ಅವರಿಗೆ ಗೊತ್ತಿತ್ತು! ನಂಬಿಗಸ್ತನೊಬ್ಬನು ಪಟ್ಟಿ ಹಿಡಿದು ಕುಳಿತು, ಒಬ್ಬೊಬ್ಬರ ಹೆಸರು ಕೂಗಿ ಅವರವರ ಕೈಗೇ ಹಣ ಕೊಡಬೇಕು. ಚಳಿಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಬಟ್ಟೆ ಕೊಡಬೇಕು. ಆಗ ಕೈದಿಗಳನ್ನು ಸರಪಳಿಯಲ್ಲೇ ಬೀದಿಗೆ ಕರೆತಂದು ಭಿಕ್ಷೆ ಬೇಡಿಸುವ ಪದ್ಧತಿಯಿತ್ತು. ಅದನ್ನು ಅವರು ಕಟುವಾಗಿ ಖಂಡಿಸಿದರು. ಬಂಧುಗಳಿಲ್ಲದ ಕೈದಿ ಸತ್ತರೆ ಕಫನ್‌ನ ಖರ್ಚು ಬೈತುಲ್ ಮಾಲ್‌ನದು, ಜನಾಝ ನಮಾಝ್ ಆಗಲೇಬೇಕು. ಸೆರೆಮನೆಗಳು ತುಂಬಿರುವುದು ಪ್ರಕರಣಗಳನ್ನು ಯಾರೂ ಪರಿಶೀಲಿಸದ ಕಾರಣದಿಂದ ಎಂದು ಖಲೀಫರಿಗೇ ನೇರವಾಗಿ ಹೇಳಿದ ಅವರು, ಅಧಿಕಾರಿಗಳು ಪ್ರತಿದಿನವೂ ಪರಿಶೀಲಿಸಲಿ, ಆರೋಪವಿಲ್ಲದವರನ್ನು ಬಿಟ್ಟುಬಿಡಲಿ ಎಂದು ಸಲಹೆಯಿತ್ತರು.

ಅಬೂ ಯೂಸುಫರ ಗುರು ಇಮಾಮ್ ಅಬೂ ಹನೀಫ(ರ). ಹಿಜರಿ 150ರಲ್ಲಿ ಬಗ್ದಾದಿನ ಸೆರೆಯಲ್ಲೇ ಅವರು ಮರಣ ಹೊಂದಿದರೆಂದು ಅನೇಕ ಚರಿತ್ರಕಾರರು ಬರೆದಿದ್ದಾರೆ. ಅವರನ್ನು ಸೆರೆಗೆ ತಳ್ಳಿದವರು ಖಲೀಫ ಮನ್ಸೂರ್, ಹಾರೂನ್ ರಶೀದರ ಅಜ್ಜ.