ವೈದ್ಯಧರ್ಮ ಮತ್ತು ಉಗ್ರಾದಿತ್ಯಾಚಾರ್ಯರು

ವೈದ್ಯನ ಕರ್ತವ್ಯವು ರೋಗವನ್ನು ಗುಣಪಡಿಸುವುದರಲ್ಲಿಯೇ ಮುಗಿಯುವುದೇ, ಅಥವಾ ಯಾವ ದ್ರವ್ಯದಿಂದ ಗುಣಪಡಿಸಿದನೆಂಬುದಕ್ಕೂ ಅವನು ಹೊಣೆಗಾರನೇ? ಈ ಪ್ರಶ್ನೆಯು 9ನೆಯ ಶತಮಾನದಲ್ಲಿಯೇ ರಾಜಸಭೆಯಲ್ಲಿ ಚರ್ಚೆಗೆ ಬಂದಿತ್ತು. ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ದ ಕೊನೆಯಲ್ಲಿರುವ ಹಿತಾಹಿತಾಧ್ಯಾಯವು, ವಿದ್ವಾಂಸರೂ ವೈದ್ಯರೂ ನೆರೆದಿದ್ದ ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯನ್ನು ನಿರಾಕರಿಸಿ ಅವರು ಮಂಡಿಸಿದ ವಾದವಾಗಿದೆ. ಈ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೆಂಬುದು (ಕ್ರಿ.ಶ. 814–878) ಪಂಡಿತರ ಅಭಿಮತ. ಚರಕ, ಸುಶ್ರುತ ಸಂಹಿತೆಗಳಲ್ಲಿ ಮಾಂಸರಸಗಳ ವಿಧಾನವು ವಿಪುಲವಾಗಿರುವಾಗ ಇದು ಸಾಮಾನ್ಯ ಧೈರ್ಯವಲ್ಲ. ಅಲ್ಲದೆ ಆಚಾರ್ಯರು ಬರಿಯ ನಿಷೇಧಕ್ಕೆ ನಿಲ್ಲದೆ, ಮಾಂಸವಿಲ್ಲದ ಚಿಕಿತ್ಸಾಕ್ರಮವನ್ನೇ ಬರೆದುಕೊಟ್ಟರು. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಆ ವಾದವನ್ನು ಇಂದಿನ ವೈದ್ಯರ ಮೇಲೆ ಯಥಾವತ್ತಾಗಿ ಹೊರಿಸಲಾಗದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹಂದಿಯ ಕರುಳಿನಿಂದ ತೆಗೆಯುವಂಥದು; ಪ್ರಾಣಾಪಾಯದಲ್ಲಿರುವವರಿಗೆ ಅದು ಬೇಡವೆನ್ನಲು ನನಗೆ ನಾಲಗೆ ಏಳದು. ಆದರೆ ರೋಗಿಗೆ ತಿಳಿಸಬಾರದೇ? 2002ರ ವೈದ್ಯವೃತ್ತಿ ನಿಯಮಾವಳಿಯು ಶಸ್ತ್ರಚಿಕಿತ್ಸೆಗೆ ಮುನ್ನ ಲಿಖಿತ ಒಪ್ಪಿಗೆಯನ್ನು ಬೇಡುತ್ತದೆ. ನಮ್ಮ ಅಂಗಡಿಯ ಬಿಸ್ಕತ್ತಿನ ಪೊಟ್ಟಣಕ್ಕೂ ಹಸಿರು ಚುಕ್ಕೆ ಕಡ್ಡಾಯ, ಔಷಧಿಗೆ ಅದಿಲ್ಲ.

ವ್ರತನಿಷ್ಠರಾದ ನನ್ನ ಅಕ್ಕನವರು ಮೂರು ತಿಂಗಳು ಕ್ಯಾಪ್ಸೂಲ್ ನುಂಗಿದ ಮೇಲೆ, ಅದರ ಹೊರಕವಚವು ಪ್ರಾಣಿಗಳ ಮೂಳೆ-ಚರ್ಮಗಳಿಂದಾದ ಜೆಲಟಿನ್ ಎಂದು ತಿಳಿಯಿತು. ವಿಚಾರಿಸಿದಾಗ ವೈದ್ಯರು, "ಅದೆಲ್ಲ ನಿಮಗೇಕಮ್ಮಾ?" ಎಂದರಂತೆ. ಅಕ್ಕನವರು ಆ ದಿನ ಊಟ ಮಾಡಲಿಲ್ಲ. ಅದೇ ಔಷಧವು ಮಾತ್ರೆಯ ರೂಪದಲ್ಲಿ ಎದುರಿನ ಔಷಧಾಲಯದಲ್ಲಿಯೇ ಇದ್ದಿತು.