ರೌಡಿಯ ಕತೆಗೆ ಹಳೆಯ ಹಾಡಿನ ಸಾಕ್ಷಿ

ಸಿಂಧನೂರು, ಮಸ್ಕಿ ಸೀಮೆಯವರಿಗೆ ಚಿನ್ನದ ಗಣಿ ಎಂದರೆ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಸಾಲಗುಂದದ ಕಟ್ಟೆಯ ಮೇಲೆ ಭತ್ತ, ಕಾಲುವೆ ನೀರು, ಮಿಲ್ಲಿನ ದರ ಇವುಗಳ ಮಾತೇ ಹೆಚ್ಚಾದರೂ ಗಣಿ ಎಂಬುದು ಈ ಭಾಗಕ್ಕೆ ಅಪರಿಚಿತವಲ್ಲ. ಹೀಗಾಗಿ 2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ ತೆರೆಕಂಡಾಗ ಇಲ್ಲಿಯ ಪ್ರೇಕ್ಷಕ ಅದರ ಗಣಿಯನ್ನು ಸ್ವಲ್ಪ ಬೇರೆ ಕಣ್ಣಿನಿಂದಲೇ ನೋಡಿರಬೇಕು. ಆದರೆ ಈ ಲೇಖನದ ವಿಷಯ ಕಣ್ಣಿಗೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು.

ಆ ಚಿತ್ರದಲ್ಲಿ ರವಿ ಬಸ್ರೂರು ಅವರ ಹಿನ್ನೆಲೆ ಸಂಗೀತ ಮೊದಲಿನಿಂದ ಕೊನೆಯವರೆಗೆ ಅಬ್ಬರಿಸುತ್ತದೆ. ದೊಡ್ಡ ಡೋಲುಗಳ ಹೊಡೆತ, ಗುಂಪುಗಾಯನದ ಘೋಷ. ಇದರ ನಡುವೆ ಒಂದು ನೃತ್ಯದ ದೃಶ್ಯದಲ್ಲಿ ಹಳಬರ ಕಿವಿ ನಿಮಿರುವಂಥ ಹಾಡೊಂದು ಬರುತ್ತದೆ: ‘ಜೋಕೆ ನಾನು ಬಳ್ಳಿಯ ಮಿಂಚು’. ಇದು ಹೊಸ ಹಾಡಲ್ಲ. ರಾಜ್‌ಕುಮಾರ್ ಅಭಿನಯದ 1970ರ ‘ಪರೋಪಕಾರಿ’ ಚಿತ್ರದ್ದು. ಸಂಗೀತ ಉಪೇಂದ್ರಕುಮಾರ್, ಗಾಯನ ಎಲ್.ಆರ್. ಈಶ್ವರಿ. ನಲವತ್ತೆಂಟು ವರ್ಷ ಹಳೆಯ ಹಾಡಿಗೆ ರೌಡಿಯೊಬ್ಬನ ಕತೆಯಲ್ಲಿ ಏನು ಕೆಲಸ? ಈ ಪ್ರಶ್ನೆಯ ಹಿಂದೆ ಚಿತ್ರಸಂಗೀತದ ಒಂದು ಸ್ವಾರಸ್ಯಕರ ಚರಿತ್ರೆಯೇ ಇದೆ.

ಚಿತ್ರೋದ್ಯಮದವರು ರೀರೆಕಾರ್ಡಿಂಗ್ ಎಂದು ಕರೆಯುವ ಹಿನ್ನೆಲೆ ಸಂಗೀತ ಪಾತ್ರಗಳಿಗೆ ಕೇಳಿಸುವುದಿಲ್ಲ. ಪ್ರೇಕ್ಷಕನಿಗೆ ಮಾತ್ರ ಕೇಳಿಸುತ್ತದೆ. ನಾಯಕ ಕತ್ತಲಿನಿಂದ ಹೊರಬರುವಾಗ ಮೊಳಗುವ ನಗಾರಿ ಅವನ ಕಿವಿಗೆ ಬಿದ್ದಿದ್ದರೆ ಅವನೇ ಬೆಚ್ಚಿಬೀಳುತ್ತಿದ್ದ. ಆ ಕಾಲದ ಹಾಡು ಹಾಗಲ್ಲ. ಅದು ಪಾತ್ರಗಳ ಲೋಕದಲ್ಲಿಯೇ ಇರುತ್ತದೆ. ಹೋಟೆಲಿನ ರೇಡಿಯೋದಲ್ಲಿ, ಮದುವೆಮನೆಯ ಲೌಡ್‌ಸ್ಪೀಕರಿನಲ್ಲಿ, ಕುಣಿಯುವವಳ ಬಾಯಲ್ಲಿ ಇರುತ್ತದೆ. ಹಿನ್ನೆಲೆ ಸಂಗೀತ ‘ಇವನನ್ನು ಹೀಗೆ ನೋಡಿ’ ಎಂದು ನಮಗೆ ಹೇಳಿದರೆ, ಕಾಲದ ಹಾಡು ‘ಇವನು ಇಂಥ ದಿನಗಳಲ್ಲಿ, ಇಂಥವರ ನಡುವೆ ಬದುಕಿದ್ದ’ ಎಂದು ಸಾಕ್ಷಿ ನುಡಿಯುತ್ತದೆ. ಭೂಗತಲೋಕದ ಚಿತ್ರಗಳಿಗೆ ಈ ಎರಡೂ ಬೇಕು. ಏಕೆಂದರೆ ಅವು ಕೊಲೆಗಾರನನ್ನು ನಾಯಕನನ್ನಾಗಿ ಮಾಡುತ್ತವೆ. ಹಿನ್ನೆಲೆ ಸಂಗೀತ ಅವನನ್ನು ಎತ್ತರಕ್ಕೆ ಏರಿಸುತ್ತದೆ, ಹಾಡು ಅವನನ್ನು ಮತ್ತೆ ಬೀದಿಗೆ ಇಳಿಸುತ್ತದೆ.

ಹೊರನಾಡಿನ ಎರಡು ಉದಾಹರಣೆಗಳನ್ನು ನೋಡಬಹುದು. ಸರ್ಜಿಯೊ ಲಿಯೋನ್‌ನ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ (1984) ಚಿತ್ರಕ್ಕೆ ಸಂಗೀತ ನೀಡಿದವರು ಎನಿಯೋ ಮೊರಿಕೋನೆ. ಅದರಲ್ಲಿ ‘ಅಮಾಪೋಲಾ’ ಎಂಬ ಹಳೆಯ ಸ್ಪ್ಯಾನಿಷ್ ಹಾಡಿನ ಧಾಟಿ ಬರುತ್ತದೆ. ಹುಡುಗಿಯೊಬ್ಬಳು ಗ್ರಾಮೊಫೋನ್ ಹಚ್ಚಿ ಅದಕ್ಕೆ ನರ್ತಿಸುತ್ತಾಳೆ. ಮುಂದೆ ರೌಡಿಯಾಗಲಿರುವ ಹುಡುಗ ಗೋಡೆಯ ಸಂದಿನಿಂದ ಕದ್ದು ನೋಡುತ್ತಾನೆ. ಅದೇ ಧಾಟಿಯನ್ನು ಮೊರಿಕೋನೆ ಮುಂದೆ ತಮ್ಮ ಹಿನ್ನೆಲೆ ಸಂಗೀತದೊಳಕ್ಕೆ ಎಳೆದುಕೊಳ್ಳುತ್ತಾರೆ. ತಟ್ಟೆಯ ಮೇಲಿನ ಹಾಡು ಹೀಗೆ ಒಬ್ಬನ ನೆನಪಾಗಿ ಬದಲಾಗುತ್ತದೆ.

ಮಾರ್ಟಿನ್ ಸ್ಕಾರ್ಸೆಸಿ ಹಿಡಿದದ್ದು ಬೇರೆ ದಾರಿ. ಅವರ ‘ಗುಡ್‌ಫೆಲಾಸ್’ (1990) ಚಿತ್ರದಲ್ಲಿ ಹೊಸದಾಗಿ ರಚಿಸಿದ ಹಿನ್ನೆಲೆ ಸಂಗೀತವೇ ಇಲ್ಲ; ಇರುವುದೆಲ್ಲ ಹಳೆಯ ಹಾಡುಗಳು. ಅದಕ್ಕೂ ಅವರು ಒಂದು ಕಟ್ಟುಪಾಡು ಹಾಕಿಕೊಂಡಿದ್ದರು. ದೃಶ್ಯ ನಡೆಯುವ ವರ್ಷದಲ್ಲಿ ಕೇಳಿಸಬಹುದಾಗಿದ್ದ ಹಾಡನ್ನು ಮಾತ್ರ ಬಳಸಬೇಕು, ಆಮೇಲೆ ಬಂದದ್ದನ್ನು ಬಳಸಬಾರದು. 1978ರ ದೊಡ್ಡ ದರೋಡೆಯ ನಂತರ ಗುಂಪಿನವರ ಹೆಣಗಳು ಒಂದೊಂದಾಗಿ ಸಿಗುವ ದೃಶ್ಯಕ್ಕೆ ಅವರು ಆರಿಸಿದ್ದು 1970ರ ‘ಲೈಲಾ’ ಹಾಡಿನ ಕೊನೆಯ ಪಿಯಾನೋ ಭಾಗವನ್ನು. ಹೆಣಗಳ ದೃಶ್ಯ, ಅದರ ಮೇಲೆ ಮಧುರವಾದ ಪಿಯಾನೋ. ನೋಡುವವನಿಗೆ ಇಲ್ಲಿ ಹೆಮ್ಮೆ ಹುಟ್ಟುವುದಿಲ್ಲ, ಒಂದು ಬಗೆಯ ಕಸಿವಿಸಿ ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಈ ಸಮಸ್ಯೆಯನ್ನು ಜಾಣತನದಿಂದ ಬಿಡಿಸಿದವರಲ್ಲಿ ಇಳಯರಾಜಾ ಒಬ್ಬರು. ಕನ್ನಡದ ‘ಪಲ್ಲವಿ ಅನುಪಲ್ಲವಿ’ಯಿಂದ (1983) ನಿರ್ದೇಶಕರಾದ ಮಣಿರತ್ನಂ ತಮಿಳಿನಲ್ಲಿ ‘ನಾಯಕನ್’ (1987) ಮಾಡಿದಾಗ ಕತೆಯ ಮೊದಲ ಭಾಗ ಹಳೆಯ ಮುಂಬಯಿಯದಾಗಿತ್ತು. ಅಲ್ಲಿನ ‘ನಾನ್ ಸಿರಿತ್ತಾಲ್ ದೀಪಾವಳಿ’ ಹಾಡನ್ನು ಇಳಯರಾಜಾ ಹೊಸದಾಗಿಯೇ ರಚಿಸಿದರು. ಆದರೆ ಹಾಡಿಸಿದ್ದು 1950ರ ದಶಕದಲ್ಲಿ ಹೆಸರು ಮಾಡಿದ್ದ ಕೆ. ಜಮುನಾರಾಣಿ ಮತ್ತು ಎಂ.ಎಸ್. ರಾಜೇಶ್ವರಿ ಅವರಿಂದ. ಹಾಡು ಹೊಸದು, ಕಂಠ ಹಳೆಯದು. ಒಂದು ಕಾಲ ವಾದ್ಯಗಳಿಗಿಂತ ಹೆಚ್ಚಾಗಿ ಕಂಠದಲ್ಲಿ ಉಳಿದಿರುತ್ತದೆ ಎಂಬುದನ್ನು ಅವರು ಅರಿತಿದ್ದರು.

ಕನ್ನಡದಲ್ಲಿ ಭೂಗತಲೋಕದ ಚಿತ್ರಗಳಿಗೆ ದಾರಿ ತೆರೆದದ್ದು ಉಪೇಂದ್ರ ನಿರ್ದೇಶನದ ‘ಓಂ’ (1995). ನಿಜ ಜೀವನದ ಕೆಲವು ರೌಡಿಗಳೇ ಅದರಲ್ಲಿ ಕಾಣಿಸಿಕೊಂಡಿದ್ದರು. ಹಂಸಲೇಖ ಅವರ ಸಂಗೀತ ಆ ದಿನಗಳದ್ದೇ ಆಗಿತ್ತು. ಕತೆಯೂ ಅದೇ ಕಾಲದ್ದಾದ್ದರಿಂದ ಹಳೆಯ ಹಾಡಿನ ಅಗತ್ಯ ಬೀಳಲಿಲ್ಲ. ಹನ್ನೆರಡು ವರ್ಷಗಳ ಮೇಲೆ ‘ಆ ದಿನಗಳು’ (2007) ಬಂತು. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆಧರಿಸಿ ಕೆ.ಎಂ. ಚೈತನ್ಯ ನಿರ್ದೇಶಿಸಿದ ಈ ಚಿತ್ರದಲ್ಲಿ 1980ರ ದಶಕದ ಬೆಂಗಳೂರು, ಕೊತ್ವಾಲ ರಾಮಚಂದ್ರ, ಜಯರಾಜ್ ಇದ್ದರು. ಇದಕ್ಕೂ ಸಂಗೀತ ಇಳಯರಾಜಾ ಅವರದೇ. ಅಷ್ಟರಲ್ಲಿ ರೌಡಿಯ ಕತೆ ನಮ್ಮಲ್ಲಿ ಚರಿತ್ರೆಯ ಕತೆಯಾಗಿತ್ತು. ಚರಿತ್ರೆಯಾದ ಮೇಲೆ ಅದಕ್ಕೆ ಅದರ ಕಾಲದ ಸದ್ದೂ ಬೇಕಾಗುತ್ತದೆ.

ಈಗ ‘ಕೆಜಿಎಫ್’ಗೆ ಮರಳೋಣ. ನಾಯಕ ರಾಕಿ ಹುಟ್ಟುವುದು 1951ರಲ್ಲಿ. ಅವನ ಏಳಿಗೆ 1970ರ ದಶಕದ್ದು. ಆದ್ದರಿಂದ 1970ರ ಹಾಡು ಅಲ್ಲಿ ಕೇಳಿಸುವುದು ಕಾಲಕ್ಕೆ ಒಪ್ಪುತ್ತದೆ. ಸ್ಕಾರ್ಸೆಸಿಯ ಕಟ್ಟುಪಾಡಿಗೂ ಸಲ್ಲುತ್ತದೆ. ಆದರೆ ಅದೇ ಚಿತ್ರದ ಹಿಂದಿ ಅವತರಣಿಕೆಯಲ್ಲಿ ಈ ಜಾಗಕ್ಕೆ ಬಂದದ್ದು ‘ತ್ರಿದೇವ್’ ಚಿತ್ರದ ‘ಗಲಿ ಗಲಿ’. ಅದು 1989ರದು, ಕತೆಯ ಕಾಲಕ್ಕಿಂತ ಎಷ್ಟೋ ವರ್ಷ ಈಚಿನದು. ಅಂದರೆ ಅಲ್ಲಿ ಹಾಡನ್ನು ಆರಿಸಿದ್ದು ಕತೆಯ ಕಾಲ ನೋಡಿ ಅಲ್ಲ, ಹಿಂದಿ ಪ್ರೇಕ್ಷಕನ ನೆನಪು ನೋಡಿ. ಸಾಕ್ಷಿ ಹೇಳಬೇಕಾಗಿದ್ದ ಹಾಡು ಅಲಂಕಾರವಾಯಿತು.

ಕನ್ನಡ ಅವತರಣಿಕೆಯೂ ಈ ದೋಷದಿಂದ ಪೂರ್ತಿ ಪಾರಾಗಿಲ್ಲ. ಹಾಡು ಹಳೆಯದಾದರೂ ಅದನ್ನು ಹೊಸ ಕಂಠದಲ್ಲಿ, ಹೊಸ ತಾಳವಾದ್ಯಗಳೊಡನೆ ಮತ್ತೆ ಧ್ವನಿಮುದ್ರಿಸಲಾಯಿತು. ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಅದು ಹೊಂದಿಕೊಳ್ಳಬೇಕಾಗಿತ್ತು. ಹೊಂದಿಕೊಂಡದ್ದೂ ನಿಜ, ಆದರೆ ಕಳೆದುಕೊಂಡದ್ದು ಈಶ್ವರಿಯವರ ಕಂಠವನ್ನು. ಒಡಿಶಾದಿಂದ ಬಂದ ಉಪೇಂದ್ರಕುಮಾರ್ ರಾಗಸಂಯೋಜನೆ ಮಾಡಿ, ಮದರಾಸಿನ ಈಶ್ವರಿ ಹಾಡಿ, ರಾಜ್‌ಕುಮಾರ್ ಚಿತ್ರದಲ್ಲಿ ಬಂದ ಆ ಹಾಡು ಕನ್ನಡ ಸಿನಿಮಾ ಒಂದು ಕಾಲದಲ್ಲಿ ಹೇಗೆ ಹುಟ್ಟುತ್ತಿತ್ತು ಎಂಬುದರ ದಾಖಲೆ. ಮೂಲ ಧ್ವನಿಯನ್ನೇ ಅರ್ಧ ನಿಮಿಷ, ಒಂದು ರೇಡಿಯೋದ ಕರಕರ ಸದ್ದಿನೊಡನೆ ಕೇಳಿಸಿದ್ದರೆ 1970ರ ದಶಕ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಇಲ್ಲಿ ಇನ್ನೊಂದು ಮಾತೂ ಇದೆ. ನಿಜವಾದ ಕೋಲಾರ ಗಣಿಯಲ್ಲಿ ದುಡಿದವರಲ್ಲಿ ಬಹುಪಾಲು ಜನ ತಮಿಳು ಮಾತನಾಡುವವರು. 1880ರ ದಶಕದಿಂದ ಉತ್ತರ ಆರ್ಕಾಟು ಮುಂತಾದ ಕಡೆಗಳಿಂದ ಬಂದು ನೆಲೆಸಿದವರು. ಅದೇ ಈಶ್ವರಿಯವರ ತಮಿಳು ಸಿನಿಮಾ ಹಾಡುಗಳು ಮತ್ತು ಅಮ್ಮನ ಭಕ್ತಿಗೀತೆಗಳು ಇಂಥ ತಮಿಳು ಕೇರಿಗಳಿಗೆ ತೀರ ಪರಿಚಿತ. ಚಿತ್ರದ ‘ನರಾಚಿ’ ಕಲ್ಪಿತ ಗಣಿ. ಅಲ್ಲಿನ ಕೂಲಿಗಳಿಗೆ ರೇಡಿಯೋ ಇಲ್ಲ, ತಮ್ಮ ಕಾಲದ ಹಾಡಿಲ್ಲ. ಅವರ ಸಂಕಟವನ್ನೂ ಭರವಸೆಯನ್ನೂ ಹೇಳುವುದು ‘ಧೀರ ಧೀರ’ದಂಥ ಗುಂಪುಗಾಯನ. ಅದು ಕೊನೆಗೂ ನಾಯಕನ ಸ್ತುತಿಯೇ. ಕಾಲದ ಹಾಡು ಸಿಕ್ಕಿದ್ದು ಹಣವಂತರ ಕುಣಿತದ ರಾತ್ರಿಗೆ. ಗಣಿಯ ಜನರಿಗೆ ಸಿಕ್ಕಿದ್ದು ಹಿನ್ನೆಲೆ ಸಂಗೀತ ಮಾತ್ರ. ರೌಡಿ ಚಿತ್ರದಲ್ಲಿ ಯಾರ ಬಾಯಿಗೆ ಹಾಡು ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನು ಗಮನಿಸಿದರೆ ಆ ಚಿತ್ರ ಯಾರನ್ನು ಮನುಷ್ಯರೆಂದು ಎಣಿಸಿದೆ ಎಂಬುದೂ ತಿಳಿಯುತ್ತದೆ.

ಹೀಗಲ್ಲದೆ ಮಾಡಲು ಸಾಧ್ಯವಿಲ್ಲವೆಂದಲ್ಲ. ಧನಬಾದಿನ ಕಲ್ಲಿದ್ದಲು ಸೀಮೆಯ ಕತೆಯಾದ ಅನುರಾಗ್ ಕಶ್ಯಪ್‌ರ ‘ಗ್ಯಾಂಗ್ಸ್ ಆಫ್ ವಾಸೇಪುರ್’ (2012) ಚಿತ್ರದಲ್ಲಿ ಊರಿನ ಮದುವೆಗೂ ಸಾವಿಗೂ ಮೈಕು ಹಿಡಿದು ಸಿನಿಮಾ ಹಾಡು ಹಾಡುವ ಒಬ್ಬ ವಾದ್ಯಗೋಷ್ಠಿಯವನಿದ್ದಾನೆ. ಹೆಣದ ಮುಂದೆ ಅವನು ಸಿನಿಮಾ ಹಾಡು ಹಾಡುವಾಗ ನಗುವೂ ಬರುತ್ತದೆ, ಹೊಟ್ಟೆಯೂ ಕಿವುಚುತ್ತದೆ. ಆ ಚಿತ್ರಕ್ಕೆ ಹಾಡುಗಳು ಸ್ನೇಹಾ ಖಾನ್ವಲ್ಕರ್ ಅವರದು, ಹಿನ್ನೆಲೆ ಸಂಗೀತ ಜಿ.ವಿ. ಪ್ರಕಾಶಕುಮಾರ್ ಅವರದು. ಎರಡೂ ಒಂದರ ಮೇಲೊಂದು ಬೀಳದೆ ಜಾಗ ಬಿಟ್ಟುಕೊಡುತ್ತವೆ. ಹಿನ್ನೆಲೆ ಸಂಗೀತ ಸುಮ್ಮನಾಗುವುದನ್ನು ಕಲಿತಾಗಲೇ ಕಾಲದ ಹಾಡಿಗೆ ಮಾತು ಬರುತ್ತದೆ.

ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಹಟ್ಟಿಯಲ್ಲಿ ಇಂದಿಗೂ ಪಾಳಿಯ ಮೇಲೆ ಜನ ಇಳಿಯುತ್ತಾರೆ, ಏರುತ್ತಾರೆ. ನಾಳೆ ಯಾರಾದರೂ ಈ ಸೀಮೆಯ ಗಣಿಯ ಮೇಲೆ ಚಿತ್ರ ಮಾಡಿದರೆ ಡೋಲು, ನಗಾರಿಗಳಿಗೆ ಕೊರತೆಯಾಗಲಾರದು. ಆದರೆ ಆ ವರ್ಷಗಳಲ್ಲಿ ನಮ್ಮ ಊರುಗಳ ಜಾತ್ರೆಯಲ್ಲಿ, ಮದುವೆಯಲ್ಲಿ, ಮೈಕ್‌ಸೆಟ್ಟಿನವನು ಯಾವ ರಿಕಾರ್ಡು ಹಚ್ಚುತ್ತಿದ್ದ, ಪಾಳಿ ಮುಗಿಸಿ ಬಂದವನು ಧಾರವಾಡ ಅಥವಾ ಗುಲ್ಬರ್ಗ ಆಕಾಶವಾಣಿಯಲ್ಲಿ ಏನು ಕೇಳುತ್ತಿದ್ದ ಎಂಬುದನ್ನು ಹೇಳಬಲ್ಲವರು ಈಗ ಮುದುಕರಾಗಿದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಸಿನಿಮಾದವರನ್ನು ಕಾಯಬೇಕಾಗಿಲ್ಲ.