ಅಗ್ಗದ ಟಯರಿನ ಹಿಂದಿರುವ ಇತಿಹಾಸ

ಮಾನವನು ಚಕ್ರವನ್ನು ಕಂಡುಹಿಡಿದು ಐದು ಸಾವಿರ ವರ್ಷಗಳಿಗೂ ಮಿಗಿಲಾಯಿತು. ಆದರೆ ಆ ಚಕ್ರದ ಸುತ್ತ ಗಾಳಿಯನ್ನು ಕೂಡಿಹಾಕಬೇಕೆಂಬ ಬುದ್ಧಿ ಅವನಿಗೆ ಬಂದದ್ದು ಮೊನ್ನೆ ಮೊನ್ನೆ, ಎಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ. ಹೊರನಾಡಿನ ನಗರಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇಂದು ಒಂದು ಮೋಟಾರ್‌ಸೈಕಲ್ಲೋ ಸ್ಕೂಟರೋ ಇಲ್ಲದ ಮನೆ ವಿರಳ. ಕಚೇರಿಗೆ, ಸ್ಟೇಷನ್ನಿಗೆ, ಮಾರುಕಟ್ಟೆಗೆ, ಮಕ್ಕಳ ಶಾಲೆಗೆ ಅದೇ ವಾಹನ. ಅದರ ಟಯರು ಸವೆದಾಗ ನಮ್ಮಂತಹ ಸಂಬಳದಾರರ ಬಾಯಿಂದ ಹೊರಡುವ ಮೊದಲ ಮಾತು, 'ಇದ್ದುದರಲ್ಲಿ ಅಗ್ಗದ್ದು ಯಾವುದು?' ಎಂಬುದೇ. ಈ ಪ್ರಶ್ನೆಯಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಉಳಿತಾಯವನ್ನು ಎಲ್ಲಿ ಮಾಡಬಹುದು, ಎಲ್ಲಿ ಮಾಡಬಾರದು ಎಂಬುದು ಬೆಲೆಪಟ್ಟಿಯಿಂದ ತಿಳಿಯುವುದಿಲ್ಲ. ಟಯರಿನ ಪ್ರತಿಯೊಂದು ಭಾಗವೂ ಹಿಂದಿನವರ ಒಂದೊಂದು ಕಷ್ಟಕ್ಕೆ ಕಂಡುಕೊಂಡ ಪರಿಹಾರ. ಆ ಕತೆ ತಿಳಿದಿದ್ದರೆ ಅಂಗಡಿಯಲ್ಲಿ ಆಯ್ಕೆ ಸುಲಭವಾಗುತ್ತದೆ.

ಮೊದಲನೆಯ ಕಷ್ಟ ರಬ್ಬರಿನದೇ. ಮರದ ಹಾಲಿನಿಂದ ಬಂದ ಹಸಿ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗಿ ಕರಗುತ್ತಿತ್ತು, ಚಳಿಯಲ್ಲಿ ಬಿರುಸಾಗಿ ಸೀಳುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ಹೋಗುವುದೆಂದು ಕಂಡುಕೊಂಡನು. ರಬ್ಬರಿನ ಅಣುಗಳು ಉದ್ದುದ್ದ ಸರಪಣಿಗಳಂತಿರುತ್ತವೆ. ಗಂಧಕವು ಅವುಗಳ ನಡುವೆ ಸೇತುವೆ ಕಟ್ಟಿ, ಒಂದರ ಮೇಲೊಂದು ಜಾರದಂತೆ ಹಿಡಿಯುತ್ತದೆ. 1844ರಲ್ಲಿ ಅವನಿಗೆ ಅಮೆರಿಕದ ಪೇಟೆಂಟು ದೊರೆಯಿತು. ಆದರೂ 1860ರಲ್ಲಿ ಅವನು ಸತ್ತದ್ದು ಸಾಲಗಾರನಾಗಿ. ಅವನ ಹೆಸರಿನ ಪ್ರಸಿದ್ಧ ಕಂಪನಿ ಹುಟ್ಟಿದ್ದು 1898ರಲ್ಲಿ. ಅದಕ್ಕೂ ಅವನ ಕುಟುಂಬಕ್ಕೂ ಸಂಬಂಧವಿಲ್ಲ.

ಎರಡನೆಯ ಕಷ್ಟ ಕುಲುಕಾಟ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟು ಪಡೆದಿದ್ದನು. ಒಳಗೆ ರಬ್ಬರು ಲೇಪಿಸಿದ ಕ್ಯಾನ್ವಾಸಿನ ಚೀಲ, ಹೊರಗೆ ತೊಗಲಿನ ಹೊದಿಕೆ. ಕುದುರೆ ಗಾಡಿಗಳಿಗೆ ಅದನ್ನು ಕಟ್ಟಿ ಓಡಿಸಿಯೂ ತೋರಿಸಿದನು. ಆದರೆ ಸೈಕಲ್ಲೂ ಮೋಟಾರೂ ಬಳಕೆಗೆ ಬಂದಿರದ ಆ ಕಾಲದಲ್ಲಿ ದುಬಾರಿ ಚಕ್ರವನ್ನು ಕೊಳ್ಳುವವರು ಯಾರು? ಜಗತ್ತು ಅವನನ್ನು ಮರೆತುಬಿಟ್ಟಿತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887ರಲ್ಲಿ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿಯ ಟಯರು ಕಟ್ಟಿ, ಮರುವರ್ಷ ಪೇಟೆಂಟು ಪಡೆದನು. 1889ರಲ್ಲಿ ಅದೇ ಟಯರಿನ ಸೈಕಲ್ಲೇರಿ ವಿಲ್ಲಿ ಹ್ಯೂಮ್ ಎಂಬಾತ ಪಂದ್ಯಗಳನ್ನು ಗೆದ್ದ ಮೇಲೆ ಬೇಡಿಕೆ ಎದ್ದಿತು. ಥಾಮ್ಸನ್ ಮೊದಲಿಗನೆಂದು ತಿಳಿದಾಗ ಡನ್‌ಲಪ್‌ನ ಪೇಟೆಂಟು ಅಸಿಂಧುವಾಯಿತು. ಕಾಗದಪತ್ರಗಳ ನಡುವೆ ಬಾಳುವ ನನ್ನಂತಹ ಸರ್ಕಾರಿ ಗುಮಾಸ್ತನಿಗೆ ಹಳೆಯ ಕಡತವೊಂದು ನಲವತ್ತು ವರ್ಷಗಳ ಮೇಲೆ ಎದ್ದು ಕುಳಿತ ಈ ಪ್ರಸಂಗ ಬಹಳ ಪ್ರಿಯ.

ಮೋಟಾರ್‌ಸೈಕಲ್ಲಿಗೆ ಬಂದರೆ, 1885ರಲ್ಲಿ ಜರ್ಮನಿಯ ಡೈಮ್ಲರ್ ಮಾಡಿದ ಎಂಜಿನ್ನಿನ ಬಂಡಿಗೆ ಮರದ ಗಾಲಿ, ಅದಕ್ಕೆ ಕಬ್ಬಿಣದ ಪಟ್ಟಿ. 1894ರಲ್ಲಿ ಅದೇ ದೇಶದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಮಾರಾಟಕ್ಕೆಂದು ತಯಾರಿಸಿದ ಮೋಟಾರ್‌ಸೈಕಲ್ಲಿಗೆ ಗಾಳಿಯ ಟಯರು ಬಂದಿತ್ತು. ಎಂಜಿನ್ನಿನ ಭಾರ ಮತ್ತು ವೇಗಗಳಿಂದ ಹೊಸ ಕಷ್ಟಗಳು ಹುಟ್ಟಿದವು. ಟಯರಿನೊಳಗಿದ್ದ ಹಾಸುಹೊಕ್ಕಿನ ಕ್ಯಾನ್ವಾಸ್ ಬಟ್ಟೆಯ ಎಳೆಗಳು ಓಟದಲ್ಲಿ ಒಂದನ್ನೊಂದು ಉಜ್ಜಿ, ಕಾದು, ಕತ್ತರಿಸಿಹೋಗುತ್ತಿದ್ದವು. ಅದಕ್ಕಾಗಿ ಎಳೆಗಳನ್ನು ನೇಯದೆ, ಪದರು ಪದರಾಗಿ ಓರೆಯಾಗಿ ಹಾಸಿ ನಡುವೆ ರಬ್ಬರು ತುಂಬುವ ಕ್ರಮ ಬಂತು. ಮೊದಲು ಹತ್ತಿಯ ಎಳೆ, ಆಮೇಲೆ ರೇಯಾನ್, ಅದಾದ ಮೇಲೆ ನೈಲಾನ್. ನಮ್ಮ ದಿನಬಳಕೆಯ ನೂರು, ನೂರಿಪ್ಪತ್ತೈದು ಸಿ.ಸಿ. ವಾಹನಗಳಿಗೆ ಇಂದಿಗೂ ಸಾಮಾನ್ಯವಾಗಿ ಬರುವುದು ಈ ಓರೆ ಪದರಿನ ನೈಲಾನ್ ಟಯರೇ. ಹೆಚ್ಚು ಬೆಲೆಯ ರೇಡಿಯಲ್ ಟಯರು ಹುಟ್ಟಿದ್ದು ಅತಿವೇಗದ ಭಾರಿ ವಾಹನಗಳ ಸಲುವಾಗಿ. ಊರೊಳಗೆ ಗಂಟೆಗೆ ನಲವತ್ತೈವತ್ತು ಕಿಲೋಮೀಟರಿನಲ್ಲಿ ಸಾಗುವವನಿಗೆ ಅದಿಲ್ಲವೆಂಬ ಕೊರಗು ಬೇಡ. ಉಳಿತಾಯಕ್ಕೆ ಇದು ಮೊದಲನೆಯ ಸ್ಥಳ.

ಟಯರಿಗೆ ಕಪ್ಪು ಬಣ್ಣವೇಕೆ? ಆರಂಭದ ಟಯರುಗಳು ಕಪ್ಪಾಗಿರಲಿಲ್ಲ; ಬಿಳಿಚಿಕೊಂಡ ಬೂದು ಬಣ್ಣದವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯನ್ನು ಬೆರೆಸಿದರೆ ರಬ್ಬರಿನ ಗಟ್ಟಿತನವೂ ಬಾಳಿಕೆಯೂ ಹಲವು ಪಟ್ಟು ಹೆಚ್ಚುವುದೆಂದು ತಿಳಿದುಬಂತು. ನಮ್ಮ ಅಜ್ಜಿಯರು ದೀಪದ ಮಸಿಯಿಂದ ಕಾಡಿಗೆ ಮಾಡುತ್ತಿದ್ದರಲ್ಲ, ಅದರ ಬಂಧುವೇ ಇದು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಮಲಯವನ್ನು ಆಕ್ರಮಿಸಿ ರಬ್ಬರು ತೋಟಗಳು ಕೈತಪ್ಪಿದಾಗ ಅಮೆರಿಕವು ಪೆಟ್ರೋಲಿಯಂ ಮೂಲದ ಕೃತಕ ರಬ್ಬರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಅಂದಿನಿಂದ ಟಯರು ಎಂಬುದು ಒಂದೇ ವಸ್ತುವಲ್ಲ, ಒಂದು ಮಿಶ್ರಣ. ಮಿಶ್ರಣ ಮೆತ್ತಗಿದ್ದರೆ ರಸ್ತೆಯ ಹಿಡಿತ ಹೆಚ್ಚು, ಸವೆತವೂ ಹೆಚ್ಚು. ಬಿರುಸಾಗಿದ್ದರೆ ಬಹುಕಾಲ ಬಾಳುತ್ತದೆ, ಒದ್ದೆ ರಸ್ತೆಯಲ್ಲಿ ಜಾರುವ ಭಯವೂ ಉಂಟು. 'ಇಷ್ಟು ಸಾವಿರ ಕಿಲೋಮೀಟರು ಗ್ಯಾರಂಟಿ' ಎಂದು ಅಂಗಡಿಯವನು ಬಣ್ಣಿಸುವಾಗ ಈ ಕೊಡುಕೊಳೆಯನ್ನು ನೆನಪಿಡಬೇಕು.

ನಮ್ಮ ದೇಶದ ಮೊದಲ ಟಯರು ಕಾರ್ಖಾನೆಯನ್ನು ಡನ್‌ಲಪ್ ಕಂಪನಿ ಬಂಗಾಲದ ಸಾಹಾಗಂಜ್‌ನಲ್ಲಿ 1936ರಲ್ಲಿ ತೆರೆಯಿತು. ಮದರಾಸಿನ ತಿರುವೊತ್ತಿಯೂರಿನಲ್ಲಿ ಕೆ.ಎಂ. ಮಾಮ್ಮೆನ್ ಮಾಪ್ಪಿಳೈ 1946ರಲ್ಲಿ ಶುರುಮಾಡಿದ್ದು ಮಕ್ಕಳ ಬಲೂನು ತಯಾರಿಕೆ. 1952ರಲ್ಲಿ ಹಳೆ ಟಯರಿನ ಮೇಲ್ಪದರದ ರಬ್ಬರು, 1961ರಲ್ಲಿ ಪೂರ್ಣ ಟಯರು. ಅದೇ ಎಂ.ಆರ್.ಎಫ್. ಇಟಲಿಯ ಟ್ಯೂರಿನ್ ಮೂಲದ ಸಿಯೆಟ್ 1958ರಲ್ಲಿ ಮುಂಬಯಿಗೆ ಬಂದು ಭಾಂಡುಪ್‌ನಲ್ಲಿ ತಯಾರಿಕೆಗೆ ತೊಡಗಿತು. ಮಧುರೆಯ ಟಿ.ವಿ.ಎಸ್. ಶ್ರೀಚಕ್ರ 1982ರ ಸಂಸ್ಥೆ.

ಕನ್ನಡನಾಡಿನ ಪಾಲೂ ಇದರಲ್ಲಿದೆ. ಮೈಸೂರಿನಲ್ಲಿ ಫಾರೂಕ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಮೋಟಾರ್‌ಸೈಕಲ್ಲುಗಳು ಹೊರಬಂದವು. 1996ರಲ್ಲಿ ಅದು ಮುಚ್ಚಿತು. ಅದೇ ಊರಿನ ಫಾಲ್ಕನ್ ಟಯರ್ಸ್ ದ್ವಿಚಕ್ರ ವಾಹನಗಳ ಟಯರಿಗೆ ಹೆಸರಾಗಿತ್ತು. ಸುಳ್ಯ, ಪುತ್ತೂರುಗಳ ಕಡೆ, ಶಾಸ್ತ್ರಿ-ಸಿರಿಮಾವೋ ಒಪ್ಪಂದದ (1964) ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಜೀವನಾಧಾರವಾಗಲೆಂದು ಸರ್ಕಾರವೇ ರಬ್ಬರು ತೋಟ ಬೆಳೆಸಿತು. ನಮ್ಮಂತೆ ಅವರೂ ಊರು ಬಿಟ್ಟು ಬಂದವರು. ನಸುಕಿನಲ್ಲೇ ಎದ್ದು ಮರದ ತೊಗಟೆ ಗೀರಿ ಹಾಲಿಳಿಸುವುದು ಅವರ ಕಾಯಕವಾಯಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಮೇಲೆ ಕಡಿಮೆ ಪೆಟ್ರೋಲಿನ ಹಗುರ ವಾಹನ ಮಧ್ಯಮವರ್ಗದ ಮನೆಮನೆಗೂ ತಲುಪಿತು. ಅದಕ್ಕೆ ಒಪ್ಪುವ ಕಿರಿಯ ಟಯರುಗಳಲ್ಲಿ ಪೈಪೋಟಿಯೂ ಬೆಳೆಯಿತು. ನಾವು ಅಗ್ಗವೆನ್ನುವ ಟಯರು ಇಂದು ಕಳಪೆಯಾಗಿರಬೇಕಿಲ್ಲ ಎಂಬುದಕ್ಕೆ ಈ ಪೈಪೋಟಿಯೇ ಒಂದು ಕಾರಣ.

ಇನ್ನು ಉಳಿತಾಯ ಮಾಡಬಾರದ ಸ್ಥಳಗಳನ್ನು ನೋಡೋಣ. ಟಯರಿನ ಮಗ್ಗುಲಲ್ಲಿ ಎಲ್ಲವೂ ಬರೆದಿರುತ್ತದೆ. 2.75-18 ಎಂದರೆ ಅಗಲ ಎರಡೂಮುಕ್ಕಾಲು ಅಂಗುಲ, ರಿಮ್ಮಿನ ವ್ಯಾಸ 18 ಅಂಗುಲ. 100/90-17 ಎಂದರೆ ಅಗಲ 100 ಮಿಲಿಮೀಟರು, ಎತ್ತರ ಅದರ ಶೇಕಡ 90, ರಿಮ್ಮು 17 ಅಂಗುಲ. ಮುಂದೆ 48ಪಿ ಎಂದಿದ್ದರೆ ಆ ಟಯರು 180 ಕಿಲೋ ಹೊರಬಲ್ಲದು, ಗಂಟೆಗೆ 150 ಕಿಲೋಮೀಟರು ವೇಗ ತಾಳಬಲ್ಲದು. ವಾಹನದ ಕೈಪಿಡಿಯಲ್ಲಿರುವ ಅಳತೆಯನ್ನೇ ಕೊಳ್ಳಬೇಕು. ಭಾರದ ಅಂಕಿ ಅದಕ್ಕಿಂತ ಕಡಿಮೆ ಇರಕೂಡದು. ಹಿಂದೆ ಮಡದಿ, ನಡುವೆ ಮಗು, ಪಕ್ಕದಲ್ಲಿ ದಿನಸಿ ಚೀಲ, ಇಷ್ಟನ್ನೂ ಹೊರುವುದು ಅದೇ ಟಯರು. ಗಾತ್ರ ದಪ್ಪಗಾದರೆ ಚೆಂದವೆಂದು ಅಗಲದ ಟಯರು ಹಾಕಿಸಿದರೆ ದುಡ್ಡೂ ಹೆಚ್ಚು, ಪೆಟ್ರೋಲೂ ಹೆಚ್ಚು.

ತಯಾರಿಯ ದಿನಾಂಕವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 2224 ಎಂದಿದ್ದರೆ 2024ನೆಯ ಇಸವಿಯ 22ನೆಯ ವಾರ. ಬಳಸದೆ ಇಟ್ಟರೂ ರಬ್ಬರಿಗೆ ಮುಪ್ಪು ತಪ್ಪದು. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನು ಅದನ್ನು ಬಿರುಸುಗೊಳಿಸಿ ಸೀಳಿಸುತ್ತವೆ. ರಿಯಾಯಿತಿ ಎಂದು ವರ್ಷಗಟ್ಟಲೆ ಕೊಳೆತ ಸರಕನ್ನು ಕೊಂಡರೆ ಅಗ್ಗವೆಂದು ಮುಗ್ಗಲು ಜೋಳ ಕೊಂಡಂತೆಯೇ. ರಸ್ತೆಬದಿಯಲ್ಲಿ ಸಿಗುವ ರೀಸೋಲ್ ಟಯರು, ಗೀರುಗಳನ್ನು ಮತ್ತೆ ಕೊರೆದು ಹೊಸದೆಂದು ತೋರಿಸುವ ಟಯರು, ಇವೆರಡನ್ನೂ ದ್ವಿಚಕ್ರ ವಾಹನಕ್ಕೆ ಹಾಕಿಸಬಾರದು. ಲಾರಿಗೆ ಆರೋ ಹತ್ತೋ ಗಾಲಿಗಳು, ನಮಗಿರುವುದು ಎರಡೇ. ಕೇಂದ್ರ ಸರ್ಕಾರ 2009ರಲ್ಲಿ ಆದೇಶ ಹೊರಡಿಸಿ ಟಯರಿಗೆ ಐ.ಎಸ್.ಐ. ಗುರುತನ್ನು ಕಡ್ಡಾಯ ಮಾಡಿದೆ. ಅದನ್ನೂ ಹುಡುಕಿ ನೋಡಬೇಕು.

ಗೀರುಗಳ ವಿಷಯ. ಒಣ ರಸ್ತೆಯಲ್ಲಿ ಅವುಗಳ ಕೆಲಸ ಅಷ್ಟಿಲ್ಲ. ಮಳೆಯಲ್ಲಿ ನೀರನ್ನು ಅತ್ತಿತ್ತ ಸರಿಸಿ, ರಬ್ಬರು ನೆಲ ಮುಟ್ಟುವಂತೆ ಮಾಡುವುದೇ ಅವುಗಳ ಕೆಲಸ. ಹಿಂದಿನ ಕಾಲದಿಂದಲೂ ಮುಂದಿನ ಟಯರಿಗೆ ಉದ್ದುದ್ದ ಗೆರೆ, ಹಿಂದಿನದಕ್ಕೆ ಗಟ್ಟಿಗಟ್ಟಿ ಮಣೆಗಳಂತಹ ಕಟ್ಟು ಇರುವುದು ಸುಮ್ಮನಲ್ಲ; ಒಂದು ದಾರಿ ಹಿಡಿಸುತ್ತದೆ, ಇನ್ನೊಂದು ಮುಂದಕ್ಕೆ ನೂಕುತ್ತದೆ. ಕಾಡುದಾರಿಗೆಂದು ಮಾಡಿದ ದೊಡ್ಡ ಮಣೆಗಳ ಟಯರು ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಗೀರಿನ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ; ಸವೆತ ಅವುಗಳ ಮಟ್ಟಕ್ಕೆ ಬಂದರೆ ಆ ಟಯರಿನ ಆಯುಷ್ಯ ಮುಗಿಯಿತು. ಜೂನಿನ ಮೊದಲ ಮಳೆಗೆ ಮುನ್ನವೇ ಇದನ್ನು ನೋಡಿಕೊಳ್ಳುವುದು ಮುಂಬಯಿಯಂತಹ ಊರಲ್ಲಿ ಜಾಣತನ.

ಕೊನೆಗೊಂದು ಗುಮಾಸ್ತನ ಲೆಕ್ಕ. ಉದಾಹರಣೆಗೆ, 1,600 ರೂಪಾಯಿಯ ಟಯರು 16,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ ಹತ್ತು ಪೈಸೆ. 2,000 ರೂಪಾಯಿಯದು 25,000 ಓಡಿದರೆ ಎಂಟು ಪೈಸೆ. ಹಾಗೆಂದು ಎಂಟು ಪೈಸೆಯದೇ ಮೇಲೆಂದಲ್ಲ. ಅದು ಒದ್ದೆ ರಸ್ತೆಯಲ್ಲಿ ನಿಲ್ಲದಿದ್ದರೆ ಉಳಿದ ಎರಡು ಪೈಸೆ ಯಾವ ಪುರುಷಾರ್ಥಕ್ಕೆ? ವಾರಕ್ಕೊಮ್ಮೆ ಗಾಳಿ ನೋಡಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ; ಟಯರಿನ ಬಾಳಿಕೆಗೆ ಅದಕ್ಕಿಂತ ಸುಲಭದ ಉಪಾಯವೂ ಇಲ್ಲ.

ನೆಲಕ್ಕೂ ನಮಗೂ ನಡುವೆ ಒಂದೊಂದು ಗಾಲಿಯಲ್ಲಿ ಇರುವುದು ಅಂಗೈಯಗಲಕ್ಕೂ ಕಡಿಮೆ ರಬ್ಬರು. ಜಾಹೀರಾತಿನ ಹೆಸರಿಗೆ, ಅತಿವೇಗದ ಅಂಕಿಗೆ, ಅಗಲಕ್ಕೆ, ಅಲಂಕಾರಕ್ಕೆ ಕೊಡುವ ದುಡ್ಡನ್ನು ನಿಶ್ಚಿಂತೆಯಿಂದ ಉಳಿಸಿ. ಅಳತೆ, ಭಾರ, ತಯಾರಿಯ ವಾರ, ಗೀರಿನ ಆಳ, ಈ ನಾಲ್ಕರಲ್ಲಿ ಮಾತ್ರ ಚೌಕಾಸಿ ಬೇಡ.